ಗಂಟಿಗೆ ಕಟ್ಟಿದ ಚಿಂದಿ

"ಗುರುಗಳೇ, ಒಂದೊಂದೂ ಬಿಡಿಬಿಡಿಯಾಗಿ ಸರಿ ಇದ್ದಮೇಲೆ ಎಲ್ಲ ಕೂಡಿದ್ದೂ ಸರಿ ಇರಲೇಬೇಕಲ್ಲ? ಮತ್ತೆ ಮತ್ತೆ ಕೂಡಿಸಿ ನೋಡುವ ಈ ಜೀತ ಎಲ್ಲಿಯತನಕ?"

ಹೀಗೆ ಕೇಳಿದವನು ದ್ಯಾಮಣ್ಣ. ಕೇಳಿದ್ದು ಮಧ್ಯಾಹ್ನದ ಊಟವಾದ ಮೇಲೆ, ಹಳೆಯ ಹತ್ತಿ ಗೋದಾಮಿನ ಕಟ್ಟೆಯ ಮೇಲೆ ಕೂತು. ಗೋದಾಮಿನಲ್ಲಿ ಹತ್ತಿ ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಆರು ಹಳೆಯ ಕಂಪ್ಯೂಟರುಗಳಿದ್ದವು. ಕೆಲಸ ನಡೆದಾಗ ಅವುಗಳ ಫ್ಯಾನುಗಳು ಜೇನುಹುಟ್ಟಿನ ಹಾಗೆ ಗುಂಯ್‌ಗುಡುತ್ತಿದ್ದವು. ಆ ಹೊತ್ತು ಆರೂ ಸುಮ್ಮನಿದ್ದವು.

ಗುರುಗಳ ಹೆಸರು ಮೋನಪ್ಪ ಆಚಾರಿ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಕಂಪ್ಯೂಟರನ್ನು ನಡೆಸುವ ಒಂದು ಆಪರೇಟಿಂಗ್ ಸಿಸ್ಟಂ ಇತ್ತು. ಅದಕ್ಕೆ ಒಡೆಯನೆಂಬುವನಿರಲಿಲ್ಲ. ಯಾರು ಬೇಕಾದರೂ ಅದರ ಕೋಡನ್ನು ಓದಬಹುದು, ತಿದ್ದಬಹುದು, ತನ್ನದೂ ಒಂದು ತುಣುಕು ಬರೆದು ಕೊಡಬಹುದು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಹತ್ತಾರು ದೇಶಗಳಿಂದ ತುಣುಕುಗಳು ಬರುತ್ತಿದ್ದವು. ಬರೆದವರು ತಮ್ಮ ತುಣುಕನ್ನು ತಾವು ಪರೀಕ್ಷೆ ಮಾಡಿಯೇ ಕಳಿಸುತ್ತಿದ್ದರು. ಆದರೂ ಅದು ಈ ಗೋದಾಮಿಗೆ ಬಂದು, ಉಳಿದೆಲ್ಲ ತುಣುಕುಗಳ ಜೊತೆ ಕೂಡಿ, ಆರೂ ಯಂತ್ರಗಳ ಮೇಲೆ ಹನ್ನೆರಡು ತಾಸು ಓಡಿ ತೋರಿಸಬೇಕು. ಯಾರಾದರೊಬ್ಬರು ಪಕ್ಕದಲ್ಲಿ ಕೂತು ನೋಡಬೇಕು. ಎಲ್ಲೂ ಎಡವದಿದ್ದರೆ ಕೆಳಗೆ ಒಂದು ಸಾಲು ಬರೆಯಬೇಕು: 'ಕೂಡಿಸಿ ನೋಡಿದೆ.' ಆ ಸಾಲು ಬರೆಯುವ ಹಕ್ಕು ಇದ್ದದ್ದು ಇಬ್ಬರಿಗೇ. ಒಬ್ಬರು ಗುರುಗಳು, ಇನ್ನೊಬ್ಬ ದ್ಯಾಮಣ್ಣ.

ದ್ಯಾಮಣ್ಣ ಕುರಿಹಟ್ಟಿಯಲ್ಲಿ ಹುಟ್ಟಿ ಬೆಳೆದವನು. ಕಾಲೇಜಿನ ಮೆಟ್ಟಿಲನ್ನು ಅರ್ಧ ಹತ್ತಿ ಇಳಿದವನು. "ಐನೂರು ಕುರಿಯೊಳಗೆ ಪರರ ಕುರಿ ಒಂದು ಸೇರಿದ್ದರೆ ನಮ್ಮಪ್ಪ ಕಣ್ಣು ಮುಚ್ಚಿ ಹಿಡಿಯುತ್ತಿದ್ದ, ನಾನು ಹತ್ತು ಲಕ್ಷ ಸಾಲಿನೊಳಗೆ ಹಿಡಿಯುತ್ತೇನೆ" ಎಂದು ಎದೆ ತಟ್ಟಿಕೊಳ್ಳುವವನು. ಹಿಡಿಯುತ್ತಲೂ ಇದ್ದ, ಸುಳ್ಳೇಕೆ ಹೇಳಬೇಕು? ಮೂರು ವರ್ಷದಲ್ಲಿ ಅವನ ಸಾಲು ಇದ್ದ ಒಂದೇ ಒಂದು ತುಣುಕೂ ಕೈಕೊಟ್ಟಿರಲಿಲ್ಲ.

ಆದರೆ ಈ ಸಲ ಅವನು ಸೋತಿದ್ದ. ಮೂರು ವಾರದಲ್ಲಿ ಇಪ್ಪತ್ತಮೂರು ತುಣುಕು ಬಂದಿದ್ದವು. ಇಪ್ಪತ್ತೆರಡನ್ನು ಕೂತು ನೋಡಿದ. ಕಣ್ಣು ಕೆಂಡವಾಗಿದ್ದವು, ಬೆನ್ನು ಹಲಗೆಯಾಗಿತ್ತು. ಕೊನೆಯದು ಹತ್ತು ವರ್ಷದಿಂದ ಬರೆಯುತ್ತಿದ್ದ ಒಬ್ಬ ಹೆಂಗಸಿನದು. ಆಕೆಯ ತುಣುಕು ಒಂದು ಸಲವೂ ಮರಳಿ ಹೋದದ್ದಿಲ್ಲ. ಆಕೆಯದನ್ನು ನೋಡುವುದು ಬೆಲ್ಲದ ರುಚಿ ನೋಡಿದ ಹಾಗೆ ಎಂದುಕೊಂಡ. ನಿನ್ನೆ ಸಂಜೆ ಯಂತ್ರಗಳನ್ನು ಮುಟ್ಟದೆಯೇ ಕೆಳಗೆ ಆ ಸಾಲು ಬರೆದ. ಬರೆದು, ಮನೆಗೆ ಹೋಗಿ ಮಲಗಿದ.

ನಾಳೆ ಮುಂಜಾನೆ ಹೊಸ ಆವೃತ್ತಿ ಹೊರಬೀಳಬೇಕು. ಶಾಲೆಗಳು, ವಾಚನಾಲಯಗಳು, ಯಾವುದೋ ಊರಿನ ರಕ್ತನಿಧಿ, ಯಾರು ಯಾರು ಹಾಕಿಕೊಳ್ಳುತ್ತಾರೋ ಬರೆದವರಿಗೂ ಗೊತ್ತಿಲ್ಲ. ಹಾಕಿಕೊಳ್ಳುವವರು ಕೋಡು ಓದುವುದಿಲ್ಲ. ಅವರು ನೋಡುವುದು ಆ ಒಂದು ಸಾಲನ್ನು.

ಯಾರೂ ಕಂಡಿರಲಿಲ್ಲ. ಆದರೂ ಇವತ್ತು ದ್ಯಾಮಣ್ಣ ಅರ್ಧ ರೊಟ್ಟಿಯನ್ನು ಹಾಗೇ ಬಿಟ್ಟಿದ್ದ. ಅದಕ್ಕೇ ಕೇಳಿದ. ತಿಳಿದುಕೊಳ್ಳುವ ಆಸೆಯಿಂದ ಕೇಳಿದ್ದಲ್ಲ ಅದು. 'ನೀನು ಹೇಳುವುದೂ ಖರೆ ಬಿಡು' ಎಂಬ ಒಂದು ಮಾತು ಗುರುಗಳ ಬಾಯಿಂದ ಬಂದರೆ ಸಾಕಾಗಿತ್ತು.

ಗುರುಗಳು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಒಂದು ಹೊಳೆ ಇತ್ತು" ಎಂದರು.

ಹೊಳೆಗೆ ಸೇತುವೆ ಇರಲಿಲ್ಲ. ಈ ದಡದಲ್ಲೊಂದು ಊರು, ಆ ದಡದಲ್ಲೊಂದು ಊರು. ನಡುವೆ ಒಂದು ದೋಣಿ. ಸೆಳವು ಜೋರಾದ್ದರಿಂದ ಹುಟ್ಟು ಹಾಕಿದರೆ ದೋಣಿ ಮಾತು ಕೇಳುತ್ತಿರಲಿಲ್ಲ. ಹಿರಿಯರು ದಡದಿಂದ ದಡಕ್ಕೆ ಒಂದು ದಪ್ಪ ಹಗ್ಗ ಬಿಗಿದಿದ್ದರು. ದೋಣಿಗೊಂದು ದೊಡ್ಡ ಕಬ್ಬಿಣದ ಬಳೆ ಕಟ್ಟಿ ಅದನ್ನು ಹಗ್ಗಕ್ಕೆ ತೊಡಿಸಿದ್ದರು. ದೋಣಿಯಲ್ಲಿ ಕೂತವರೇ ಹಗ್ಗ ಹಿಡಿದು, ಕೈಯ ಮುಂದೆ ಕೈ ಹಾಕಿ ಜಗ್ಗಿಕೊಂಡು ದಾಟುತ್ತಿದ್ದರು.

ಅಷ್ಟುದ್ದದ ಹಗ್ಗ ಒಬ್ಬನ ಕೈಯಿಂದ ಆಗುವುದಲ್ಲ. ಎರಡೂ ಊರಿನ ಮನೆಗಳು ಕೊಟ್ಟದ್ದು. ಒಂದು ಮನೆಯದು ಹತ್ತು ಮಾರು, ಇನ್ನೊಂದು ಮನೆಯದು ಆರು ಮಾರು. ಹಳೆಯ ತುಂಡು ಸವೆದಾಗ ಯಾರೋ ಒಬ್ಬರು ಹೊಸದನ್ನು ಹೊಸೆದು ತರುತ್ತಿದ್ದರು. ಕೊಡು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೊಟ್ಟವನೂ ದಾಟುತ್ತಿದ್ದ, ಕೊಡದವನೂ ದಾಟುತ್ತಿದ್ದ, ಊರು ಹೆಸರು ಗೊತ್ತಿಲ್ಲದ ದಾರಿಹೋಕನೂ ದಾಟುತ್ತಿದ್ದ.

ತುಂಡುಗಳಿಗೆ ಒಡೆಯರಿದ್ದರು. ದೋಣಿಯಲ್ಲಿ ಕೂತವರು ಕೈಗೆ ಸಿಕ್ಕ ತುಂಡನ್ನು ಸವರಿ, "ಇದು ನಮ್ಮಜ್ಜ ಹೊಸೆದದ್ದು" ಎನ್ನುತ್ತಿದ್ದರು. ತುಂಡಿಗೂ ತುಂಡಿಗೂ ನಡುವಿನ ಗಂಟನ್ನು ನಮ್ಮದು ಎಂದವರು ಇರಲಿಲ್ಲ. ಅದನ್ನು ನೋಡಿಕೊಳ್ಳಲು ಒಬ್ಬ ಮುದುಕನಿದ್ದ. ಅವನನ್ನು ಗಂಟುಗಾರ ಎನ್ನುತ್ತಿದ್ದರು.

ಹೊಸ ತುಂಡು ಬಂದಾಗ ಅವನು ಹಗ್ಗವನ್ನು ಹೊಳೆಯಿಂದ ಬಿಚ್ಚಿ ಪೂರಾ ಉಸುಕಿನ ಮೇಲೆ ಹಾಸುತ್ತಿದ್ದ. ಹೊಸದನ್ನು ಅದರ ಜಾಗದಲ್ಲಿ ಗಂಟು ಹಾಕುತ್ತಿದ್ದ. ಬಿಂದಿಗೆ ಬಿಂದಿಗೆ ನೀರು ಹೊಯ್ದು ನೆನೆಸುತ್ತಿದ್ದ. ಒಂದು ತುದಿಯನ್ನು ಕಲ್ಲುಕಂಬಕ್ಕೆ ಬಿಗಿದು, ಇನ್ನೊಂದನ್ನು ಎರಡು ಜೋಡಿ ಎತ್ತುಗಳ ನೊಗಕ್ಕೆ ಕಟ್ಟುತ್ತಿದ್ದ. ಆಮೇಲೆ ಪ್ರತಿಯೊಂದು ಗಂಟಿಗೂ ಒಂದು ಬಿಳಿ ಚಿಂದಿ ಕಟ್ಟಿ, ಎತ್ತುಗಳನ್ನು ಹೊಡೆದು ನಿಲ್ಲಿಸಿ, ಪಕ್ಕದಲ್ಲಿ ಕೂತುಬಿಡುತ್ತಿದ್ದ. ಹಗ್ಗ ಹರಿಯುತ್ತದೋ ಇಲ್ಲವೋ ಎಂದು ಅವನು ನೋಡುತ್ತಿರಲಿಲ್ಲ. ಅವನ ಕಣ್ಣು ಚಿಂದಿಯ ಮೇಲೆ. ಚಿಂದಿ ಒಂದು ಬೆರಳಗಲ ತಿರುಗಿದರೂ ಆ ಗಂಟು ಕೆಟ್ಟದ್ದು. ಹೊತ್ತು ಮುಳುಗುವತನಕ ತಿರುಗದಿದ್ದರೆ ಚಿಂದಿಯನ್ನು ಬಿಚ್ಚದೆ ಹಾಗೇ ಬಿಡುತ್ತಿದ್ದ. ಚಿಂದಿ ಇದ್ದ ಗಂಟು ನೋಡಿದ ಗಂಟು ಎಂದು ಎರಡೂ ದಡಕ್ಕೆ ಗೊತ್ತಿತ್ತು.

ಆ ಒಂದು ದಿನ ದೋಣಿ ಇಲ್ಲ. ಆಚೆಯವರು ಆಚೆ, ಈಚೆಯವರು ಈಚೆ. ಕಾದು ಕಾದು ಬೇಸತ್ತವರು ಚೇಷ್ಟೆ ಮಾಡುತ್ತಿದ್ದರು.

"ಏನಜ್ಜಾ, ಚಿಂದಿ ಮರಿ ಹಾಕಿತೇನು?"

"ಇನ್ನೂ ಗಬ್ಬ ಐತಿ, ಕೂಡ್ರು" ಎನ್ನುತ್ತಿದ್ದ ಅವನು.

ಅದು ಮೊದಮೊದಲು. ಹತ್ತು ವರ್ಷ ಕಳೆದ ಮೇಲೆ ಅವನು ನಗುವುದನ್ನು ಬಿಟ್ಟ. ಇಪ್ಪತ್ತು ವರ್ಷ ಕಳೆದ ಮೇಲೆ ಉತ್ತರ ಕೊಡುವುದನ್ನೂ ಬಿಟ್ಟ.

ಅವನು ಹಿಡಿದ ತಪ್ಪುಗಳು ಕಡಿಮೆಯೇನಲ್ಲ. ಒಮ್ಮೆ ಪುಂಡಿ ನಾರಿನ ಹಗ್ಗದ ಪಕ್ಕ ತೆಂಗಿನ ನಾರಿನದು ಬಂತು. ಒಣಗಿದಾಗ ಎರಡೂ ಗಟ್ಟಿ, ನೆನೆದಾಗ ಒಂದು ಬಿಗಿದುಕೊಂಡಿತು, ಒಂದು ಸಡಿಲಾಯಿತು. ಇನ್ನೊಮ್ಮೆ ದಪ್ಪ ಹಗ್ಗದ ಗಂಟು ಪಕ್ಕದ ತೆಳು ಹಗ್ಗವನ್ನು ಇಲಿ ಕಡಿದಂತೆ ತಿಂದಿತು. ಅವನು ಮರಳಿಸಿದ. ಮರಳಿಸಿಕೊಂಡವರು ಮೂರು ವರ್ಷ ಅವನ ಜೊತೆ ಮಾತು ಬಿಟ್ಟರು. ಆ ಗಂಟುಗಳ ಮೇಲೆ ಬೀಳಬೇಕಾಗಿದ್ದವರು ಬೀಳದೆ ದಾಟಿದರು. ತಾವು ಬೀಳಲಿಲ್ಲ ಎಂಬುದೇ ಅವರಿಗೆ ತಿಳಿಯಲಿಲ್ಲ. ಮುಳುಗದ ದೋಣಿಗೆ ಕೈ ಮುಗಿಯುವವರು ಯಾರಿದ್ದಾರೆ?

"ಇದು ನನ್ನದೇ ಕತೆ ಆಯಿತಲ್ಲ ಗುರುಗಳೇ!" ಎಂದ ದ್ಯಾಮಣ್ಣ. ಅವನ ದನಿಯಲ್ಲಿ ತುಸು ಹುರುಪು ಬಂದಿತ್ತು. "ನಾನೂ ಅದನ್ನೇ ಹೇಳುವುದು. ಎಷ್ಟು ಕಾದರೂ ಹೆಸರಿಲ್ಲ."

"ಆ ಅಡಕೊತ್ತು ಈಚೆ ಕೊಡು" ಎಂದರು ಗುರುಗಳು. ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡು ಮುಂದುವರಿಸಿದರು.

ಅದೇ ಊರಿನಲ್ಲಿ ಒಬ್ಬ ರೈತನಿದ್ದ. ಎಡಚ. ಉಣ್ಣುವುದು ಬಿಟ್ಟು ಉಳಿದ ಕೆಲಸವೆಲ್ಲ ಎಡಗೈಯಲ್ಲೇ. ಚಿಕ್ಕಂದಿನಲ್ಲಿ ಅದಕ್ಕಾಗಿ ಏಟು ತಿಂದಿದ್ದ, ದೊಡ್ಡವನಾದ ಮೇಲೆ ಅದರದೇ ಜಂಬ ಮಾಡುತ್ತಿದ್ದ. ಅವನು ಹೊಸೆದ ಹಗ್ಗದಂಥ ಹಗ್ಗ ಎರಡೂ ಊರಿನಲ್ಲಿರಲಿಲ್ಲ. ಒಂದು ದಿನ ಹನ್ನೆರಡು ಮಾರು ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡು ದಡಕ್ಕೆ ಬಂದ.

"ಅಜ್ಜಾ, ಇದು ಹಗ್ಗ ಅಲ್ಲ, ಹೆಬ್ಬಾವು" ಎಂದ. "ಎರಿಮಣ್ಣಿನ ಕೆಸರಾಗ ಅಚ್ಚಿನತನಕ ಹುಗಿದ ಬಂಡಿ ಇತ್ತು, ಕಲ್ಲು ಹೇರಿದ್ದು. ಇದರಿಂದ ಜಗ್ಗಿ ಹೊರಗ ತಗದೀನಿ. ಹತ್ತು ಮಂದಿ ಗಿಡಕ್ಕ ಕಟ್ಟಿ ಜೋತು ಬಿದ್ದರು, ಒಂದು ನಾರು ಹರೀಲಿಲ್ಲ. ನಿನ್ನ ನಾಕು ಎತ್ತಿಗೆ ಇದು ಯಾತರ ಲೆಕ್ಕ?"

ಮುದುಕ ಹಗ್ಗವನ್ನು ಕೈಗೆ ತೆಗೆದುಕೊಂಡ. ಒಂದು ಎಳೆ ಎದ್ದಿರಲಿಲ್ಲ. ಎರಕ ಹೊಯ್ದಂತೆ ಸಮನಾಗಿತ್ತು. ಹೆಬ್ಬೆರಳು ಆಡಿಸಿದಾಗ ಏನೋ ಅಡ್ಡ ತಾಗಿದಂತಾಯಿತು. ಹೊಸ ಹಗ್ಗವಲ್ಲವೇ ಎಂದುಕೊಂಡ.

ಆ ತಿಂಗಳು ಆಗಲೇ ನಾಲ್ಕು ಸಲ ಹಗ್ಗ ಬಿಚ್ಚಿದ್ದ. ಮೊಣಕಾಲು ಬಾತಿತ್ತು. ಬಿತ್ತನೆಯ ಹಂಗಾಮಾದ್ದರಿಂದ ಎತ್ತು ಕೇಳಲು ಹೋದರೆ ಮನೆಯವರು ಮುಖ ತಿರುಗಿಸುತ್ತಿದ್ದರು. ಸವೆದ ತುಂಡು ತೆಗೆದಾಗಿನಿಂದ ದೋಣಿ ನಿಂತು, ಆಚೆ ದಡದಿಂದ ಎರಡು ದಿನದ ಕೂಗು. ಹೊತ್ತು ಏರುತ್ತಿತ್ತು. ಅವನು ಉಸುಕಿನ ಮೇಲೆ ಕೂತು ಹಗ್ಗ ನೋಡಿದ, ಹೊಳೆ ನೋಡಿದ, ತನ್ನ ಕಾಲು ನೋಡಿಕೊಂಡ.

ರೈತ ಬಿತ್ತಲು ಹೋದ ಮೇಲೆ, ದಡದಲ್ಲಿ ಯಾರೂ ಇಲ್ಲದಾಗ, ಹೊಸ ತುಂಡನ್ನು ಗಂಟು ಹಾಕಿದ. ನೀರು ಹೊಯ್ಯಲಿಲ್ಲ. ಎತ್ತು ತರಿಸಲಿಲ್ಲ. ಚಿಂದಿ ಕಟ್ಟಿದ.

ಮಧ್ಯಾಹ್ನದೊಳಗೆ ದೋಣಿ ಬಿಟ್ಟಿತು. ಸಂಜೆ ಎರಡೂ ದಡದವರು ಮಾತಾಡಿಕೊಂಡರು: "ಅಜ್ಜ ಈಗ ಶಾಣ್ಯಾ ಆದ ನೋಡು. ಅರ್ಧ ದಿನದಾಗ ಕೆಲಸ ಮುಗಿಸಿದ." ಮೂವತ್ತು ವರ್ಷದಲ್ಲಿ ಅವನನ್ನು ಹೊಗಳಿದ್ದು ಅದೇ ಮೊದಲು.

ದ್ಯಾಮಣ್ಣ ಕಾಲು ಮಡಿಸಿಕೊಂಡ. ಗುರುಗಳು ಅವನತ್ತ ನೋಡುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಎಮ್ಮೆಯನ್ನು ನೋಡುತ್ತಿದ್ದರು.

ಒಂಬತ್ತು ದಿನ ಏನೂ ಆಗಲಿಲ್ಲ. ಹೊಳೆ ಇಳಿದಿತ್ತು, ದೋಣಿ ಹಗುರಾಗಿತ್ತು. ಗಂಟುಗಾರನಿಗೆ ಮೊದಲ ಎರಡು ದಿನ ಕಸಿವಿಸಿ, ಮೂರನೆಯ ದಿನ ಹಸಿವು, ಐದನೆಯ ದಿನ ನಿದ್ದೆ. ಒಂಬತ್ತನೆಯ ದಿನ ಅವನಿಗೇ ಅನ್ನಿಸಿತು, ಇಷ್ಟು ವರ್ಷ ಸುಮ್ಮನೆ ಉಸುಕು ಕಾದೆನೇನೋ ಎಂದು.

ಹತ್ತನೆಯ ದಿನ ಹೊಳೆಗೆ ಮೇಲಿಂದ ಹೊಸ ನೀರು ಬಂತು. ಅದೇ ದಿನ ಆಚೆ ಊರಿನಿಂದ ಸೂಲಗಿತ್ತಿಗೆ ಕರೆ ಬಂತು. ದಿನ ತುಂಬಿದ ಬಸುರಿಯೊಬ್ಬಳು ಎರಡು ದಿನದಿಂದ ನೋವು ತಿನ್ನುತ್ತಿದ್ದಳು. ಸೂಲಗಿತ್ತಿ ಮುದುಕಿ, ಮೈ ಭಾರದವಳು. ಎರಡೂ ಊರಿನ ಅರ್ಧ ಜನ ಅವಳ ಕೈಯ ಮೇಲೆ ಹುಟ್ಟಿದವರು. ಬೇನೆಗೆ ಅಂಜದವಳು ನೀರಿಗೆ ಅಂಜುತ್ತಿದ್ದಳು. ದೋಣಿಯಲ್ಲಿ ಆಗಲೇ ಹತ್ತು ಜನರಿದ್ದರು. ಹಗ್ಗ ಜಗ್ಗಲು ಎಡಚ ರೈತ ಮುಂದೆ ಕೂತಿದ್ದ.

"ಹತ್ತವ್ವಾ, ನನ್ನ ಹಗ್ಗದ ಮ್ಯಾಲ ಒಯ್ತೀನಿ ನಿನ್ನ" ಎಂದ ಅವನು.

"ಸುಮ್ನಿರಲೇ. ಹುಟ್ಟುವಾಗ ಎಡಗೈ ಮುಂದ ಮಾಡಿಕೊಂಡು ಬಂದವ ನೀನು. ನಿನ್ನ ಜಂಬ ನನಗ ಗೊತ್ತೈತಿ" ಎಂದಳು ಮುದುಕಿ. ದೋಣಿ ತುಂಬ ನಗು. ಅವಳು ನಗಲಿಲ್ಲ. ದಡದಲ್ಲಿ ನಿಂತಿದ್ದ ಗಂಟುಗಾರನ ಕಡೆ ತಿರುಗಿದಳು.

"ನೋಡೀಯೇನೋ ಯಪ್ಪಾ?"

ಇಲ್ಲ ಎನ್ನಬಹುದಿತ್ತು. ಇಲ್ಲ ಎಂದರೆ ದೋಣಿ ನಿಲ್ಲುತ್ತಿತ್ತು. ಹತ್ತು ಜನ ಇಳಿಯುತ್ತಿದ್ದರು, ಬಯ್ಯುತ್ತಿದ್ದರು, ಮೂವತ್ತು ವರ್ಷದ ಹೆಸರು ಅಲ್ಲೇ ಮಣ್ಣಾಗುತ್ತಿತ್ತು.

"ಚಿಂದಿ ಕಾಣವಲ್ದೇನವ್ವಾ?" ಎಂದ.

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಹೊಳೆಯ ನಡುವೆ ನೋಡಿದಳು. ಬಿಳಿ ಚಿಂದಿ ಕಂಡಿತು. "ನಿನ್ನ ಚಿಂದಿ ಇದ್ದಮ್ಯಾಲ ನನಗ್ಯಾತರ ಅಂಜಿಕಿ" ಎಂದು ಸೀರೆ ಎತ್ತಿಕೊಂಡು ದೋಣಿ ಹತ್ತಿದಳು.

ದೋಣಿ ನಡುಹೊಳೆಗೆ ಹೋಯಿತು. ಸೆಳವು ಅದನ್ನು ಕೆಳಕ್ಕೆ ಒತ್ತಿತು, ಹಗ್ಗ ಬಿಲ್ಲಿನ ಹಾಗೆ ಬಾಗಿತು. ಗಂಟುಗಾರ ನೋಡುತ್ತಿದ್ದ. ಹೊಸ ಗಂಟಿನ ಚಿಂದಿ ಒಮ್ಮೆ ತಿರುಗಿತು. ಗಾಳಿ ಎಂದುಕೊಂಡ. ಎರಡನೆಯ ಸಲ ತಿರುಗಿತು. ಗಾಳಿಗೆ ಚಿಂದಿ ಹಾರಾಡುತ್ತದೆ. ಇದು ಸುತ್ತುತ್ತಿತ್ತು, ಗಾಣದ ಎತ್ತಿನ ಹಾಗೆ, ಒಂದೇ ಕಡೆಗೆ.

ಅವನು ಕೂಗಿದ. ಹೊಳೆಯ ಸದ್ದು ದೊಡ್ಡದಿತ್ತು.

ಗುರುಗಳು ಹೆಗಲ ಮೇಲಿನ ಟವೆಲ್ಲು ತೆಗೆದರು. ಅದರ ಒಂದು ತುದಿಯನ್ನು ದ್ಯಾಮಣ್ಣನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು ಹಿಂಡಿ ತೋರಿಸಿದರು.

"ಊರವರೆಲ್ಲ ಬಲಗೈಯವರು, ಅವರು ಹೊಸೆದದ್ದು ಬಲಹುರಿ. ಇವನು ಎಡಗೈಯವ, ಇವನದು ಎಡಹುರಿ. ಜಗ್ಗಿದಾಗ ಯಾವ ಹಗ್ಗವಾದರೂ ತುಸು ಬಿಚ್ಚಿಕೊಳ್ಳಲು ನೋಡುತ್ತದೆ. ಬಲಹುರಿಗೆ ಬಲಹುರಿ ಕೂಡಿದರೆ, ಒಂದು ಬಿಚ್ಚಲು ಹೋದಾಗ ಇನ್ನೊಂದು ಬಿಗಿದು ತಡೆಯುತ್ತದೆ. ಬಲಕ್ಕೆ ಎಡ ಕೂಡಿದರೆ ತಡೆಯುವವರಿಲ್ಲ. ಗಂಟು ಒಂದೇ ಕಡೆಗೆ ತಿರುಗುತ್ತದೆ. ಎರಡೂ ಒಂದನ್ನೊಂದು ಬಿಚ್ಚುತ್ತವೆ."

ಟವೆಲ್ಲನ್ನು ಬಿಟ್ಟರು. ಅದು ದ್ಯಾಮಣ್ಣನ ಕೈಯಲ್ಲಿ ಸುತ್ತಿ ಸುತ್ತಿ ಸಡಿಲಾಗಿ ನೇತುಬಿತ್ತು.

ಹಗ್ಗ ಹರಿಯಲಿಲ್ಲ. ಸದ್ದೂ ಆಗಲಿಲ್ಲ. ಹುರಿ ಬಿಚ್ಚಿತು, ಎಳೆ ಎಳೆಯಾಯಿತು, ಗಂಟು ತಾನಾಗಿಯೇ ಜಾರಿತು. ದೋಣಿ ಅಡ್ಡ ತಿರುಗಿ ಬಂಡೆಗೆ ಬಡಿದು ಮಗುಚಿತು. ಈಜು ಬಲ್ಲವರು ಈಜಿದರು. ಬಾರದ ನಾಲ್ವರನ್ನು ಎಡಚ ರೈತನೇ ಎಳೆದು ತಂದ. ಐದನೆಯ ಸಲ ಹಾರಿದಾಗ ಅವನ ಕೈಗೆ ಸೀರೆಯ ಸೆರಗು ಸಿಕ್ಕಿತು, ಸೂಲಗಿತ್ತಿ ಸಿಗಲಿಲ್ಲ.

ಆಚೆ ದಡದ ಮನೆಯಲ್ಲಿ ಅವಳಿಗೆಂದು ಕಾಯಿಸಿದ ನೀರು ಸಂಜೆಯತನಕ ಒಲೆಯ ಮೇಲೆ ಇತ್ತು.

ಆ ಮನೆಯ ಸುದ್ದಿಯನ್ನು ಗುರುಗಳು ಮುಂದೆ ಹೇಳಲಿಲ್ಲ. ದ್ಯಾಮಣ್ಣನೂ ಕೇಳಲಿಲ್ಲ.

ಮರುದಿನ ನೀರು ಇಳಿದಿತ್ತು, ಆಚೆಯವರು ಈಜಿ ಬಂದರು, ಎರಡೂ ಊರು ಈ ದಡದಲ್ಲಿ ಕೂಡಿದವು. ಹಗ್ಗವನ್ನು ಎಳೆದು ತಂದು ಉಸುಕಿನ ಮೇಲೆ ಹಾಕಿದರು. ಪ್ರತಿಯೊಬ್ಬನೂ ಮೊದಲು ತನ್ನ ಮನೆಯ ತುಂಡನ್ನು ಹುಡುಕಿ ನೋಡಿದ. ಪ್ರತಿಯೊಬ್ಬನೂ, "ನಮ್ಮದು ಹರಿದಿಲ್ಲ" ಎಂದ. ಖರೆ ಹೇಳಿದರು. ಯಾರದೂ ಹರಿದಿರಲಿಲ್ಲ. ಬಿಚ್ಚಿದ ಎಳೆಗಳಿಗೆ ಸುತ್ತಿಕೊಂಡು ಬಿಳಿ ಚಿಂದಿಯೂ ಹಾಗೇ ಇತ್ತು.

"ಚಿಂದಿ ಐತಿ. ಅಂದಮ್ಯಾಲ ಅಜ್ಜ ನೋಡ್ಯಾನ. ಗಂಟಿನ ತಪ್ಪಲ್ಲ" ಎಂದ ಒಬ್ಬ ಹಿರಿಯ.

ಗಂಟಿನ ತಪ್ಪಲ್ಲ, ಹಗ್ಗದ ತಪ್ಪಲ್ಲ ಎಂದರೆ ಸತ್ತವಳಿಗೆ ಉತ್ತರ ಯಾರು? ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಎಡಚನ ಕೈ ನೋಡಿದರು.

"ಎಡಗೈಯ ಹಗ್ಗ ಹೊಳೆಗೆ ಬಿಟ್ಟದ್ದೇ ಅಪಶಕುನ" ಎಂದಿತು ಒಂದು ದನಿ. ಅದಕ್ಕೆ ಹತ್ತು ದನಿ ಕೂಡಿದವು. ಇನ್ನು ಮುಂದೆ ಅವನ ಮನೆಯ ಹಗ್ಗ ಬೇಡ, ಅವನು ದೋಣಿ ಮುಟ್ಟಬಾರದು ಎಂದು ಮಾತಾಯಿತು. ಹೆಬ್ಬಾವು ಎಂದು ಮೆರೆದವನ ಎಡ ಅಂಗೈಯ ಚರ್ಮ ಸುಲಿದಿತ್ತು. ಸೆರಗಿನ ಚೂರು ಇನ್ನೂ ಅದೇ ಕೈಯಲ್ಲಿತ್ತು.

ಗಂಟುಗಾರ ಸುಮ್ಮನಿದ್ದರೆ ಸಾಕಿತ್ತು. ಹೆಸರು ಉಳಿಯುತ್ತಿತ್ತು. ಯಾರೂ ಕಂಡಿರಲಿಲ್ಲ.

ಅವನು ಎದ್ದ. ಬಾತ ಕಾಲು ಎಳೆಯುತ್ತ ಹೋಗಿ ಎಳೆಗಳಿಂದ ಆ ಚಿಂದಿ ಬಿಚ್ಚಿದ.

"ಇವನ ಹಗ್ಗ ಚೊಲೋ ಐತಿ" ಎಂದ. "ನಿಮ್ಮವೂ ಚೊಲೋ ಅದಾವು. ಕೂಡಿಸಿ ನೋಡೂದು ನನ್ನ ಕೆಲಸ. ನಾ ನೋಡಲಿಲ್ಲ. ಸುಮ್ನ ಚಿಂದಿ ಕಟ್ಟಿದೆ."

ಬಯ್ಯುತ್ತಾರೆಂದುಕೊಂಡಿದ್ದ. ಯಾರೂ ಬಯ್ಯಲಿಲ್ಲ. ಗುಂಪಿನ ಹಿಂದಿನಿಂದ ಸೂಲಗಿತ್ತಿಯ ತಂಗಿ ಎದ್ದು ನಿಂತಳು. ಅವಳು ಕೇಳಿದ್ದು ಒಂದೇ ಮಾತು.

"ಉಳಿದ ಚಿಂದಿ?"

"ಅವನ್ನೆಲ್ಲ ನೋಡೀನವ್ವಾ" ಎಂದ ಅವನು. "ಮೂವತ್ತು ವರ್ಷ ಕೂತು ನೋಡೀನಿ."

ಅವಳು ಹಗ್ಗದ ಉದ್ದಕ್ಕೂ ಇದ್ದ ನಲವತ್ತು ಚಿಂದಿಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಊರವರೂ ನೋಡಿದರು. ನಿನ್ನೆಯತನಕ ಅವು ಬರೀ ಚಿಂದಿಗಳಾಗಿರಲಿಲ್ಲ. ಈಗ ಹರಕು ಬಟ್ಟೆಯಾಗಿದ್ದವು. ಜನ ಎದ್ದು ಮನೆಗೆ ಹೋದರು.

ಮುದುಕ ಒಬ್ಬನೇ ಉಳಿದ. ನಲವತ್ತನ್ನೂ ಬಿಚ್ಚಿದ. ಬಿಂದಿಗೆ ತಂದು ನೀರು ಹೊಯ್ಯತೊಡಗಿದ. ಎತ್ತು ಕೇಳಲು ಹೋಗಲಿಲ್ಲ, ಕೊಡುವವರಿಲ್ಲ ಎಂದು ಗೊತ್ತಿತ್ತು. ಹಗ್ಗದ ತುದಿಯನ್ನು ತನ್ನ ಸೊಂಟಕ್ಕೇ ಸುತ್ತಿಕೊಳ್ಳುತ್ತಿದ್ದ. ಆಗ ಹಿಂದೆ ಗೆಜ್ಜೆಯ ಸದ್ದಾಯಿತು. ಎಡಚ ರೈತ ತನ್ನ ಜೋಡೆತ್ತು ಹೊಡೆದುಕೊಂಡು ಬಂದಿದ್ದ. ನೊಗಕ್ಕೆ ಹಗ್ಗ ಕಟ್ಟಿ, ಎತ್ತು ನಿಲ್ಲಿಸಿ, ಮುದುಕನ ಪಕ್ಕದಲ್ಲಿ ಕೂತ. ಅಂದಿನಿಂದ ಹಗ್ಗ ಕೊಟ್ಟವನೂ ಉಸುಕಿನ ಮೇಲೆ ಕೂತು ಚಿಂದಿ ನೋಡಬೇಕು ಎಂದು ಆ ಹೊಳೆಯ ಕಟ್ಟಳೆಯಾಯಿತು. ನಲವತ್ತು ಗಂಟುಗಳನ್ನು ಮತ್ತೆ ನೋಡಿ ಮುಗಿಸಲು ಒಂದು ಮಳೆಗಾಲ ಹಿಡಿಯಿತು. ಆ ಮಳೆಗಾಲವಿಡೀ ಯಾರೂ ಬಂದು, ಚಿಂದಿ ಮರಿ ಹಾಕಿತೇ ಎಂದು ಕೇಳಲಿಲ್ಲ.

ಗುರುಗಳು ಎದ್ದು ಕಟ್ಟೆಯ ಅಂಚಿಗೆ ಹೋಗಿ ಉಗುಳಿ ಬಂದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಕತೆ ಮುಗಿದಿತ್ತು.

ದ್ಯಾಮಣ್ಣ ತನ್ನ ಕೈ ನೋಡಿಕೊಳ್ಳುತ್ತಿದ್ದ. ನಿನ್ನೆ ಸಂಜೆ ಆ ಕೊನೆಯ ತುಣುಕನ್ನು ಓದುವಾಗ ಅವನಿಗೂ ಬೆರಳಿಗೆ ಏನೋ ಅಡ್ಡ ತಾಗಿತ್ತು. ಆ ಹೆಂಗಸು ಬರೆದದ್ದು ಇಷ್ಟು: ಉಳಿಸಬೇಕಾದ ಮಾಹಿತಿಯನ್ನು ಆಗಾಗ ಬರೆಯುವ ಬದಲು ತುಸು ಹೊತ್ತು ತಡೆದಿಟ್ಟು ಒಟ್ಟಿಗೆ ಡಿಸ್ಕಿಗೆ ಇಳಿಸುವುದು. ಚೆಂದದ ಕೆಲಸ. ಎರಡು ವಾರದ ಹಿಂದೆ ಇನ್ನೊಬ್ಬ ಬರೆದದ್ದನ್ನು ದ್ಯಾಮಣ್ಣನೇ ಕೂತು ನೋಡಿ ಸೇರಿಸಿದ್ದ: ಕೆಲಸವಿಲ್ಲದಾಗ ಡಿಸ್ಕನ್ನು ಮಲಗಿಸುವುದು. ಅದೂ ಚೆಂದದ ಕೆಲಸ. ಒಬ್ಬಳು ತಡೆದಿಡುತ್ತಾಳೆ, ಒಬ್ಬ ಮಲಗಿಸುತ್ತಾನೆ. ತಡೆದಿಟ್ಟದ್ದು ಇಳಿಯುವ ಮೊದಲೇ ಡಿಸ್ಕು ಮಲಗಿದರೆ? ಆ ಹೊತ್ತಿಗೇ ಕರೆಂಟು ಹೋದರೆ? ಎಲ್ಲೋ ಒಂದು ರಕ್ತನಿಧಿಯ ಪಟ್ಟಿಯಲ್ಲಿ ಒಂದು ಹೆಸರು, ಒಂದು ರಕ್ತದ ಗುಂಪು ಇದ್ದದ್ದು ಇಲ್ಲವಾದರೆ? ಆಗಲೂ ಇಬ್ಬರೂ ತಮ್ಮ ತಮ್ಮ ತುಂಡನ್ನು ನೋಡಿ, ನಮ್ಮದು ಹರಿದಿಲ್ಲ ಎನ್ನುತ್ತಾರೆ. ಖರೆಯನ್ನೇ ಹೇಳುತ್ತಾರೆ. ಕೆಳಗೆ ಅವನ ಸಾಲು ಇರುತ್ತದೆ.

ಹತ್ತು ಲಕ್ಷ ಸಾಲಿನೊಳಗೆ ಪರರ ಕುರಿ ಹಿಡಿಯುವವನು ತಾನೇ ಹಿಂಡಿಗೆ ಸೇರಿಸಿಬಿಟ್ಟ ಒಂದು ಕುರಿಯ ಮುಂದೆ ಕೂತಿದ್ದ.

"ಗುರುಗಳೇ," ಎಂದ. "ಆ ಅಜ್ಜ ಚಿಂದಿ ಕಟ್ಟಿದ ಮರುದಿನವೇ ಯಾರಾದರೂ ಅವನ ಪಕ್ಕ ಕೂತು ಹೀಗೊಂದು ಕತೆ ಹೇಳಿದ್ದರೆ?"

ಮೋನಪ್ಪ ಆಚಾರಿ ಗೋದಾಮಿನ ಬಾಗಿಲ ಕಡೆ ನೋಡಿದರು. ಒಳಗೆ ಆರು ಯಂತ್ರಗಳು ನಿನ್ನೆ ಸಂಜೆಯಿಂದ ಸದ್ದಿಲ್ಲದೆ ಕೂತಿದ್ದವು.

"ನೀನು ಕಟ್ಟಿದ ಚಿಂದಿ ಇನ್ನೂ ಉಸುಕಿನ ಮೇಲೆಯೇ ಇದೆ ದ್ಯಾಮಣ್ಣಾ, ದೋಣಿ ಬಿಡುವುದು ನಾಳೆ ಮುಂಜಾನೆ" ಎಂದರು.